ಎಂಟನೇ ಹೆನ್ರಿಯ ಮದುವೆಯನ್ನು ಪೋಪ್ ಯಾಕೆ ಬಿಡಿಸಿಕೊಡಲಿಲ್ಲ?

ಪ್ರಶ್ನೆ: ಇಂಗ್ಲೆಂಡಿನ ಎಂಟನೇ ಹೆನ್ರಿ ಹೆಂಡತಿಯನ್ನು ಬಿಡಲು ಪೋಪ್ ಒಪ್ಪಲಿಲ್ಲ, ಆ ಸಿಟ್ಟಿಗೆ ರೋಮ್‌ ಜೊತೆ ಸಂಬಂಧವನ್ನೇ ಕಡಿದುಕೊಂಡ ಎಂದು ಶಾಲೆಯಲ್ಲಿ ಓದಿದ್ದೆ. ಆದರೆ ಆ ಕಾಲದಲ್ಲಿ ಬೇರೆ ರಾಜರಿಗೆ ಪೋಪ್‌ಗಳು ಇಂಥ ಅನುಮತಿಯನ್ನು ಸಲೀಸಾಗಿ ಕೊಡುತ್ತಿದ್ದರಂತೆ. ಹೆನ್ರಿಗೆ ಮಾತ್ರ ಯಾಕೆ ಸಿಗಲಿಲ್ಲ? ರಾಣಿ ಕ್ಯಾಥರೀನ್‌ಳ ಅಕ್ಕನ ಮಗ ಚಕ್ರವರ್ತಿಯಾಗಿದ್ದ ಅನ್ನೋದೊಂದೇ ಕಾರಣವಾ? ಇನ್ನೊಂದು ಕೇಳಬೇಕು: ತನ್ನ ಮೊದಲ ಮದುವೆಯ ಬಗ್ಗೆ ರಾಣಿ ಹೇಳಿದ್ದು ನಿಜವಾ?

ಉತ್ತರ: ಕೊಡುತ್ತಿದ್ದರು, ನಿಜ. ದೂರ ಹೋಗುವುದೇ ಬೇಡ, ಹೆನ್ರಿಯ ಸ್ವಂತ ಅಕ್ಕ ಮಾರ್ಗರೆಟ್‌ಗೇ ಸಿಕ್ಕಿತ್ತು. ಸ್ಕಾಟ್ಲೆಂಡಿನ ರಾಜನಾಗಿದ್ದ ಗಂಡ ಯುದ್ಧದಲ್ಲಿ ಸತ್ತ ಮೇಲೆ ಆಕೆ ಅಲ್ಲಿನ ಒಬ್ಬ ದೊಡ್ಡ ಸರದಾರನನ್ನು, ಆಂಗಸ್‌ನ ಅರ್ಲ್‌ನನ್ನು, ಮದುವೆಯಾಗಿದ್ದಳು. ಇಬ್ಬರಿಗೂ ಹೊಂದಲಿಲ್ಲ. ಆ ಮದುವೆ ಅಸಿಂಧು ಎಂಬ ತೀರ್ಪು 1527ರ ಮಾರ್ಚ್‌ನಲ್ಲಿ ರೋಮ್‌ನಿಂದ ಬಂತು. ಆಗ ಪೋಪ್ ಆಗಿದ್ದವರು ಏಳನೇ ಕ್ಲೆಮೆಂಟ್, ಹೆನ್ರಿಯ ಅರ್ಜಿ ಹೋಗಿದ್ದೂ ಅವರ ಹತ್ತಿರವೇ. ಅದಕ್ಕೂ ಮೊದಲು, 1498-99ರಲ್ಲಿ, ಫ್ರಾನ್ಸಿನ ಹನ್ನೆರಡನೇ ಲೂಯಿ ಹೀಗೇ ಹೆಂಡತಿಯನ್ನು ಬಿಟ್ಟು ಹಿಂದಿನ ರಾಜನ ವಿಧವೆಯನ್ನು ಮದುವೆಯಾಗಿದ್ದ. ಅಕ್ಕ ಗಂಡನನ್ನು ಬಿಟ್ಟಿದ್ದಕ್ಕೆ ಹೆನ್ರಿ ಧರ್ಮದ ಹೆಸರಲ್ಲಿ ಬೈದು ಬುದ್ಧಿ ಹೇಳಿಸಿದ ಅನ್ನೋದು ಇಲ್ಲಿನ ತಮಾಷೆ. ಆ ಹೊತ್ತಿಗೆ ಅವನದೇ ಕೇಸು ಶುರುವಾಗಿತ್ತು.

ಹೆನ್ರಿ ಕೇಳಿದ್ದು ಇವತ್ತಿನ ಅರ್ಥದ ವಿಚ್ಛೇದನ ಅಲ್ಲ. ಆಗಿನ ಚರ್ಚ್ ಕಾನೂನಿನಲ್ಲಿ ಸರಿಯಾಗಿ ಆದ ಮದುವೆಯನ್ನು ಮುರಿಯಲು ದಾರಿಯೇ ಇರಲಿಲ್ಲ. ಈ ಮದುವೆ ಶುರುವಿನಿಂದಲೇ ಮದುವೆ ಆಗಿರಲಿಲ್ಲ ಎಂದು ತೋರಿಸಬೇಕಿತ್ತು. ಹಾಗಾಗಿ ಇಡೀ ಜಗಳ ನಡೆದದ್ದು ಹೆನ್ರಿ ಮತ್ತು ಕ್ಯಾಥರೀನ್ ಒಟ್ಟಿಗೆ ಬಾಳಿದ ವರ್ಷಗಳ ಬಗ್ಗೆ ಅಲ್ಲ. ಅದಕ್ಕೂ ಹಿಂದೆ, ಆಕೆ ಹೆನ್ರಿಯ ಅಣ್ಣನ ಹೆಂಡತಿಯಾಗಿದ್ದ ಕೆಲವೇ ತಿಂಗಳುಗಳ ಬಗ್ಗೆ.

ಸ್ಪೇನಿನ ರಾಜಕುಮಾರಿ ಕ್ಯಾಥರೀನ್ 1501ರ ನವೆಂಬರ್ 14ರಂದು ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿ ಹೆನ್ರಿಯ ಅಣ್ಣ ಆರ್ಥರ್‌ನನ್ನು ಮದುವೆಯಾದಳು. ಹುಡುಗನಿಗೆ 15, ಹುಡುಗಿಗೆ ಇನ್ನೇನು 16. 1502ರ ಏಪ್ರಿಲ್ 2ರಂದು ಆರ್ಥರ್ ಲಡ್ಲೊ ಕೋಟೆಯಲ್ಲಿ ತೀರಿಕೊಂಡ. ಸ್ಪೇನಿನ ನಂಟು ಕೈತಪ್ಪಬಾರದು ಎಂದು ಎರಡೂ ಕಡೆಯ ಹಿರಿಯರು ವಿಧವೆಯನ್ನು ತಮ್ಮನಿಗೆ ಕೊಡಲು ಮಾತಾಡಿಕೊಂಡರು. ಅಣ್ಣನ ಹೆಂಡತಿ ಮೈದುನನಿಗೆ ವರ್ಜ್ಯ. ಅದಕ್ಕೇ ಪೋಪ್ ಎರಡನೇ ಜೂಲಿಯಸ್‌ ಅವರಿಂದ ವಿನಾಯಿತಿ ಪತ್ರ ತರಿಸಿದರು. ಪತ್ರದ ತಾರೀಖು 1503ರ ಡಿಸೆಂಬರ್ 26. ಮದುವೆ ನಡೆದದ್ದು 1509ರ ಜೂನ್ 11ರಂದು, ಹೆನ್ರಿ ಪಟ್ಟಕ್ಕೆ ಬಂದ ಕೆಲವೇ ವಾರಗಳಲ್ಲಿ.

ಮುಂದಿನದು ನಿಮಗೆ ಗೊತ್ತಿರಬಹುದು. ಹೆರಿಗೆ ಮೇಲೆ ಹೆರಿಗೆ, ಸಾವಿನ ಮೇಲೆ ಸಾವು. 1511ರ ಹೊಸ ವರ್ಷದ ದಿನ ಹುಟ್ಟಿದ ಗಂಡುಮಗು ಎರಡು ತಿಂಗಳೂ ಉಳಿಯಲಿಲ್ಲ. 1516ರಲ್ಲಿ ಹುಟ್ಟಿದ ಮೇರಿ ಒಬ್ಬಳೇ ಬದುಕಿದ್ದು. 1518ರ ನಂತರ ಕ್ಯಾಥರೀನ್ ಬಸುರಿಯಾಗಲಿಲ್ಲ. ಹೆಣ್ಣುಮಗಳು ಪಟ್ಟಕ್ಕೆ ಬರಬಾರದು ಎಂದು ಇಂಗ್ಲೆಂಡಿನಲ್ಲಿ ಕಾನೂನೇನೂ ಇರಲಿಲ್ಲ. ಆದರೆ ಹನ್ನೆರಡನೇ ಶತಮಾನದಲ್ಲಿ ಮಟಿಲ್ಡಾ ಪಟ್ಟ ಕೇಳಿದಾಗ ವರ್ಷಗಟ್ಟಲೆ ಅಂತರ್ಯುದ್ಧ ನಡೆದಿತ್ತು. ಆ ನೆನಪು ಹೆದರಿಸುತ್ತಿತ್ತು. ಈ ನಡುವೆ ರಾಣಿಯ ಸಖಿಯರಲ್ಲಿ ಒಬ್ಬಳಾದ ಆ್ಯನ್ ಬೊಲಿನ್ ಬಂದಳು, ಸುಮ್ನೆ ಪ್ರೇಯಸಿಯಾಗಿ ಇರಲು ಒಪ್ಪಲಿಲ್ಲ. ಮೊದಲು ಬಂದದ್ದು ಮನಸ್ಸಾಕ್ಷಿಯ ಕಾಟವಾ, ಆ್ಯನ್‌ ಮೇಲಿನ ಆಸೆಯಾ ಎಂದು ಜನ ಇವತ್ತಿಗೂ ವಾದಿಸುತ್ತಾರೆ. ನನಗೆ ಆ ವಾದದಲ್ಲಿ ಆಸಕ್ತಿ ಕಡಿಮೆ. 1527ರ ಹೊತ್ತಿಗೆ ಎರಡೂ ಒಂದರೊಳಗೊಂದು ಬೆರೆತುಹೋಗಿದ್ದವು.

ಹೆನ್ರಿ ಬೈಬಲ್ ತೆಗೆದ. ಅಣ್ಣತಮ್ಮಂದಿರ ಹೆಂಡತಿಯನ್ನು ಕೂಡಬಾರದು, ಕೂಡಿದವರಿಗೆ ಮಕ್ಕಳಾಗುವುದಿಲ್ಲ ಎಂದು ಯಾಜಕಕಾಂಡ ಹೇಳುತ್ತದೆ. ತನಗೆ ಗಂಡುಮಗ ಇಲ್ಲದಿರುವುದು ಇದೇ ಶಾಪ ಎಂದು ಅವನು ನಂಬಿದ. ಮೇರಿ ಇದ್ದಾಳಲ್ಲ ಎಂದರೆ, ಅಲ್ಲಿ ಮಕ್ಕಳು ಅಂದರೆ ಗಂಡುಮಕ್ಕಳು ಎಂದು ಅವನ ಪಂಡಿತರು ಹೇಳಿಕೊಟ್ಟರು. ತೊಂದರೆ ಏನೆಂದರೆ, ಅದೇ ಬೈಬಲ್‌ನ ಧರ್ಮೋಪದೇಶಕಾಂಡದಲ್ಲಿ ತದ್ವಿರುದ್ಧ ಮಾತಿದೆ. ಅಣ್ಣ ಮಕ್ಕಳಿಲ್ಲದೆ ಸತ್ತರೆ ತಮ್ಮ ಆ ವಿಧವೆಯನ್ನು ಮದುವೆಯಾಗಬೇಕು ಎಂಬ ವಿಧಿ. ಆರ್ಥರ್ ಮಕ್ಕಳಿಲ್ಲದೆ ಸತ್ತಿದ್ದ. ಹೆನ್ರಿಯ ಸ್ಥಿತಿಗೆ ಹೆಚ್ಚು ಒಪ್ಪುವುದು ಈ ಎರಡನೆಯ ಮಾತೇ, ಅಲ್ವಾ?

ಹೆನ್ರಿ ಹಿಡಿದದ್ದು ಮೊದಲನೆಯದನ್ನು. ಅಷ್ಟೇ ಅಲ್ಲ, ಅದನ್ನು ಗರಿಷ್ಠ ಮಟ್ಟಕ್ಕೆ ಎಳೆದ. ಇದು ದೇವರ ಕಟ್ಟಳೆ, ಯಾವ ಪೋಪ್‌ಗೂ ಇದನ್ನು ಸಡಿಲಿಸುವ ಅಧಿಕಾರ ಇಲ್ಲ, ಹಾಗಾಗಿ ಜೂಲಿಯಸ್ ಕೊಟ್ಟ ಪತ್ರ ಕಸ ಎಂದ. ಈಗ ಈ ಅರ್ಜಿಯನ್ನು ಕ್ಲೆಮೆಂಟ್ ಜಾಗದಲ್ಲಿ ಕೂತು ಓದಿ. ನಿಮ್ಮ ಹಿಂದೆ ಅದೇ ಪೀಠದಲ್ಲಿ ಕೂತವರು ತಮಗಿಲ್ಲದ ಅಧಿಕಾರ ಚಲಾಯಿಸಿದರು ಎಂದು ನೀವೇ ಬರೆದುಕೊಡಬೇಕು. ಅದೂ ಯಾವಾಗ? ಜರ್ಮನಿಯಲ್ಲಿ ಲೂಥರ್ ಪೋಪ್‌ನ ಅಧಿಕಾರವನ್ನೇ ಪ್ರಶ್ನಿಸಿ ಅರ್ಧ ದೇಶವನ್ನು ಸೆಳೆದುಕೊಳ್ಳುತ್ತಿದ್ದ ಕಾಲದಲ್ಲಿ. ಜೊತೆಗೆ ಇಂಥದೇ ಬೇರೆ ವಿನಾಯಿತಿಗಳ ಗತಿ ಏನು? ಕ್ಯಾಥರೀನ್‌ಳ ಸ್ವಂತ ಮನೆಯನ್ನೇ ನೋಡಿ. ಪೋರ್ಚುಗಲ್‌ನ ರಾಜ ಮ್ಯಾನುಯೆಲ್ ಮೊದಲು ಆಕೆಯ ಹಿರಿಯಕ್ಕ ಇಸಾಬೆಲ್‌ಳನ್ನು ಮದುವೆಯಾಗಿದ್ದ. ಆಕೆ ಸತ್ತ ಮೇಲೆ ಪೋಪ್ ಅನುಮತಿ ಪಡೆದು ಇನ್ನೊಬ್ಬ ಅಕ್ಕ ಮರಿಯಾಳನ್ನು ಮದುವೆಯಾದ. ಮಕ್ಕಳೂ ಆದವು, ಯಾರೂ ಕಮಕ್ ಕಿಮಕ್ ಅನ್ನಲಿಲ್ಲ.

ಚಕ್ರವರ್ತಿಯ ಸೈನ್ಯದ ಮಾತಿಗೆ ಬರುವ ಮೊದಲು ಇದನ್ನು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಹೆನ್ರಿಗೆ ಇದಕ್ಕಿಂತ ಒಳ್ಳೆಯ ವಾದ ಒಂದಿತ್ತು. ಕಂಡುಹಿಡಿದವನು ಅವನ ಮುಖ್ಯಮಂತ್ರಿ, ಕಾರ್ಡಿನಲ್ ವೂಲ್ಸಿ.

ಚರ್ಚ್ ಕಾನೂನಿನಲ್ಲಿ ಈ ತರದ ಮದುವೆಗೆ ಎರಡು ಬೇರೆ ಬೇರೆ ಅಡ್ಡಿಗಳಿದ್ದವು. ಒಂದು, ದೇಹಸಂಬಂಧದಿಂದ ಹುಟ್ಟುವ ನಂಟು. ಗಂಡ ಹೆಂಡತಿ ಕೂಡಿದ ಮೇಲೆ ಗಂಡನ ಅಣ್ಣತಮ್ಮಂದಿರು ಹೆಂಡತಿಗೂ ಒಡಹುಟ್ಟಿದವರ ಸಮಾನ. ಎರಡನೆಯದು ಲೋಕಮರ್ಯಾದೆಯ ಅಡ್ಡಿ. ಹತ್ತು ಜನರ ಎದುರು ಮದುವೆ ಆಯಿತು ಅಂದರೆ ಸಾಕು, ಪ್ರಸ್ತ ಆಗಲಿ ಬಿಡಲಿ, ಅದು ಬಂದುಬಿಡುತ್ತದೆ. ಕ್ಯಾಥರೀನ್ ಮೊದಲಿನಿಂದ ಕೊನೆಯವರೆಗೂ ಹೇಳಿದ್ದು ಒಂದೇ ಮಾತು: ಆರ್ಥರ್ ನನ್ನನ್ನು ಮುಟ್ಟಲಿಲ್ಲ, ಪ್ರಸ್ತ ಆಗಲೇ ಇಲ್ಲ. ವೂಲ್ಸಿ 1527ರ ಬೇಸಿಗೆಯಲ್ಲಿ ಈ ಮಾತನ್ನೇ ಹಿಡಿದು ಯೋಚಿಸಿದ. ಸರಿ, ರಾಣಿ ಹೇಳಿದ್ದೇ ನಿಜ ಅಂದುಕೊಳ್ಳೋಣ. ಆಗ ಮೊದಲ ಅಡ್ಡಿ ಇರಲೇ ಇಲ್ಲ. ಇದ್ದದ್ದು ಎರಡನೆಯದು. ಆದರೆ ಜೂಲಿಯಸ್‌ ಅವರ ಪತ್ರ ಹೆಸರು ಹೇಳಿ ತೆಗೆದುಹಾಕಿದ್ದು ಮೊದಲ ಅಡ್ಡಿಯನ್ನು ಮಾತ್ರ! ಇಲ್ಲದ ರೋಗಕ್ಕೆ ಮದ್ದು ಕೊಟ್ಟು ಇರುವ ರೋಗವನ್ನು ಹಾಗೇ ಬಿಟ್ಟಂತಾಯಿತು. ಹಾಗಾದರೆ 1509ರ ಮದುವೆ ಅಸಿಂಧು.

ರಾಣಿಯ ಸತ್ಯವನ್ನೇ ರಾಣಿಯ ವಿರುದ್ಧ ತಿರುಗಿಸುವ ವಾದ ಇದು. ಇದರಲ್ಲಿ ಪೋಪ್‌ಗೆ ಅವಮಾನವೂ ಇಲ್ಲ. ಜೂಲಿಯಸ್‌ಗೆ ಅಧಿಕಾರ ಇತ್ತು, ಅವರ ಗುಮಾಸ್ತರು ಪತ್ರ ಬರೆಯುವಾಗ ಒಂದು ಸಾಲು ಬಿಟ್ಟರು, ಅಷ್ಟೇ. ಇದರಿಂದ ಗೆದ್ದೇ ಬಿಡುತ್ತಿದ್ದ ಎಂದು ನಾನು ಹೇಳುವುದಿಲ್ಲ. ದೊಡ್ಡ ಅಡ್ಡಿ ತೆಗೆದ ಪತ್ರ ಚಿಕ್ಕದನ್ನೂ ತೆಗೆದಂತೆಯೇ ಎಂದು ಎದುರು ಪಕ್ಷ ಹೇಳಬಹುದಿತ್ತು. ಪತ್ರದಲ್ಲಿ ಪ್ರಸ್ತ 'ಬಹುಶಃ' ಆಗಿರಬಹುದು ಎಂದು ಜಾಣತನದಿಂದ ಬರೆದಿದ್ದರು, ಅದೂ ರಾಣಿಯ ಕಡೆಗೆ ಅನುಕೂಲ. ಆದರೂ ಮನಸ್ಸು ಮಾಡಿದ ಪೋಪ್‌ಗೆ ಸಹಿ ಹಾಕಲು ಇದು ಗೌರವದ ದಾರಿಯಾಗಿತ್ತು. ಹೆನ್ರಿಗೆ ಇದು ಹಿಡಿಸಲಿಲ್ಲ. ವೂಲ್ಸಿಗೆ ತನ್ನ ಪಕ್ಷದ ಮೇಲೆ ನಂಬಿಕೆ ಇಲ್ಲವೇನೋ ಎಂದು ಅನುಮಾನಪಟ್ಟ. 1521ರಲ್ಲಿ ಲೂಥರ್ ವಿರುದ್ಧ ಪುಸ್ತಕ ಬರೆದು ಪೋಪ್‌ನಿಂದ ಧರ್ಮರಕ್ಷಕ ಎಂಬ ಬಿರುದು ಪಡೆದ ರಾಜ ಅವನು. ದೇವರ ಮಾತನ್ನು ತಾನು ಸರಿಯಾಗಿ ಓದಿದ್ದೇನೆ ಎಂಬ ಧೈರ್ಯ ಜಾಸ್ತಿಯೇ ಇತ್ತು. ಗುಮಾಸ್ತರ ತಪ್ಪಿನಿಂದ ಗೆಲ್ಲುವುದು ಅವನಿಗೆ ಬೇಕಿರಲಿಲ್ಲ.

ಇದಕ್ಕಿಂತ ಎಡವಟ್ಟು ಕೆಲಸ ಇನ್ನೊಂದು ನಡೆಯಿತು. 1527ರ ಶರತ್ಕಾಲದಲ್ಲಿ ವೂಲ್ಸಿಗೆ ಸುದ್ದಿ ಬಿಡದೆ ಹೆನ್ರಿ ತನ್ನ ಕಾರ್ಯದರ್ಶಿ ವಿಲಿಯಂ ನೈಟ್‌ನನ್ನು ಪೋಪ್ ಬಳಿ ಕಳಿಸಿದ. ಕೈಯಲ್ಲಿ ಒಂದು ಕರಡು ಪತ್ರ. ಹಳೆ ಮದುವೆ ರದ್ದಾದರೆ ತಾನು ಇನ್ನೊಬ್ಬಳನ್ನು ಮದುವೆಯಾಗಲು ಅನುಮತಿ ಬೇಕು, ಆಕೆ ತನಗೆ ಮೊದಲ ಹಂತದ ನಂಟಾಗಿದ್ದರೂ ಸರಿ, ಆ ನಂಟು ಅಕ್ರಮ ಸಂಬಂಧದಿಂದ ಬಂದಿದ್ದರೂ ಸರಿ ಎಂದು ಅದರಲ್ಲಿತ್ತು. ಯಾಕೆ ಹೀಗೆ? ಆ್ಯನ್‌ಳ ಸೋದರಿ ಮೇರಿ ಬೊಲಿನ್ ಜೊತೆ ಹೆನ್ರಿಗೆ ಮೊದಲೇ ಸಂಬಂಧ ಇತ್ತು. ಚರ್ಚ್ ಲೆಕ್ಕದಲ್ಲಿ, ಕ್ಯಾಥರೀನ್ ಆರ್ಥರ್ ಜೊತೆ ಕೂಡಿದ್ದಳು ಎಂದೇ ಇಟ್ಟುಕೊಂಡರೂ, ಆಕೆ ಹೆನ್ರಿಗೆ ಎಷ್ಟು ಹತ್ತಿರದ ನಂಟೋ ಆ್ಯನ್ ಕೂಡ ಅಷ್ಟೇ ಹತ್ತಿರದ ನಂಟು. ಒಂದು ಕೈಯಲ್ಲಿ ಈ ನಂಟನ್ನು ಪೋಪ್ ಸಡಿಲಿಸಲಾರರು ಎನ್ನುವ ವಾದ, ಇನ್ನೊಂದು ಕೈಯಲ್ಲಿ ಅದನ್ನೇ ಸಡಿಲಿಸಿಕೊಡಿ ಎನ್ನುವ ಅರ್ಜಿ. ಅಣ್ಣತಮ್ಮಂದಿರ ವಿಧವೆ ಮಾತ್ರ ಆಗಿರಬಾರದು ಎಂದು ಒಂದು ಷರತ್ತು ಸೇರಿಸಿ ಗೆರೆ ಎಳೆದುಕೊಂಡಿದ್ದರು ಅನ್ನಿ. ಪೋಪ್ ಈ ಪತ್ರವನ್ನು ಆರಾಮಾಗಿ ಕೊಟ್ಟರು. ಹಳೆ ಮದುವೆ ರದ್ದಾಗದೆ ಅದು ಉಪಯೋಗಕ್ಕೆ ಬರುವಂತಿರಲಿಲ್ಲವಲ್ಲ!

ಈಗ ಚಕ್ರವರ್ತಿ. ಐದನೇ ಚಾರ್ಲ್ಸ್ ಕ್ಯಾಥರೀನ್‌ಳ ಅಕ್ಕ ಹುವಾನಾಳ ಮಗ. ಸ್ಪೇನ್, ನೆದರ್ಲೆಂಡ್ಸ್, ಜರ್ಮನಿಯ ಚಕ್ರವರ್ತಿ ಪದವಿ, ಎಲ್ಲ ಅವನ ಕೈಯಲ್ಲಿತ್ತು. 1527ರ ಮೇ 6ರಂದು, ಸಂಬಳ ಸಿಗದೆ ಕೆರಳಿದ್ದ ಅವನ ಸೈನಿಕರು ರೋಮ್‌ಗೆ ನುಗ್ಗಿ ಸೂರೆ ಮಾಡಿದರು. ಪೋಪ್ ಸಂತ್ ಆಂಜೆಲೊ ಕೋಟೆಯಲ್ಲಿ ಸೆರೆಯಾದರು. ಅದಾದ ಹನ್ನೊಂದೇ ದಿನಕ್ಕೆ, ಮೇ 17ರಂದು, ವೂಲ್ಸಿ ಲಂಡನ್ನಿನಲ್ಲಿ ಗುಟ್ಟಾಗಿ ಹೆನ್ರಿಯ ಮದುವೆಯ ವಿಚಾರಣೆ ಶುರು ಮಾಡಿದ. ರೋಮ್‌ನ ಸುದ್ದಿ ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಇದಕ್ಕಿಂತ ಕೆಟ್ಟ ಮುಹೂರ್ತ ಯಾರಿಗೂ ಸಿಗಲಿಕ್ಕಿಲ್ಲ.

ಆದರೆ ಪೋಪ್ ಬರೀ ಹೆದರಿಕೆಯಿಂದ ಸುಮ್ಮನಿದ್ದರು ಅನ್ನೋದು ಅರ್ಧ ಸತ್ಯ. ಡಿಸೆಂಬರ್‌ನಲ್ಲಿ ಅವರು ತಪ್ಪಿಸಿಕೊಂಡು ಒರ್ವಿಯೆಟೊ ಸೇರಿದರು. ಅಲ್ಲಿ ಹೆನ್ರಿಯ ದೂತರಿಗೆ ಸಾಕಷ್ಟು ಕೊಟ್ಟರು ಕೂಡ. ಕಾರ್ಡಿನಲ್ ಕ್ಯಾಂಪೆಜಿಯೊ ಲಂಡನ್‌ಗೆ ಹೋಗಿ ವೂಲ್ಸಿ ಜೊತೆ ವಿಚಾರಣೆ ಮಾಡಲಿ ಎಂದರು. ಕೇಸನ್ನು ಅಲ್ಲೇ ತೀರ್ಮಾನಿಸುವ ಒಂದು ಗುಟ್ಟಿನ ಆದೇಶವನ್ನೂ ಅವನ ಕೈಗಿಟ್ಟರು. ಜೊತೆಗೆ ಕಿವಿಯಲ್ಲಿ ಹೇಳಿದ್ದು ಬೇರೆ: ಇದನ್ನು ರಾಜನಿಗೂ ವೂಲ್ಸಿಗೂ ತೋರಿಸು, ಕೈಗೆ ಕೊಡಬೇಡ, ಆಮೇಲೆ ನಾಶ ಮಾಡು, ಎಷ್ಟಾಗುತ್ತೋ ಅಷ್ಟು ಎಳೆ. ಕ್ಯಾಂಪೆಜಿಯೊಗೆ ಕೀಲುನೋವು ಬೇರೆ ಜೋರಾಗಿತ್ತು, ಪ್ರಯಾಣವೇ ತಿಂಗಳುಗಟ್ಟಲೆ ಹಿಡಿಯಿತು. 1528ರ ಅಕ್ಟೋಬರ್‌ನಲ್ಲಿ ಬಂದವನೇ ರಾಣಿಗೆ ಸನ್ಯಾಸಿನಿಯರ ಮಠ ಸೇರುವಂತೆ ಹೇಳಿ ನೋಡಿದ. ಹಾಗಾದರೆ ಎಲ್ಲರಿಗೂ ಸುಲಭವಿತ್ತು. ಆಕೆ ಒಪ್ಪಲಿಲ್ಲ. ನಾನು ರಾಜನ ಹೆಂಡತಿ, ನನ್ನ ಮಗಳು ಪಟ್ಟದ ವಾರಸುದಾರಳು ಎಂಬ ಹಟ ಬಿಡಲಿಲ್ಲ.

ಅದೇ ಹೊತ್ತಿಗೆ ಕ್ಯಾಥರೀನ್ ಇನ್ನೊಂದು ಕಾಗದ ತೆಗೆದಳು. ಜೂಲಿಯಸ್‌ ಹೆಸರಿನದೇ, ಅದೇ ತಾರೀಖಿನದೇ, ಆದರೆ ಒಕ್ಕಣೆ ಬೇರೆ. ಮೊದಲ ಪತ್ರದಲ್ಲಿ ವೂಲ್ಸಿ ಹುಡುಕಿದ್ದ ಹಲವು ಸಂದುಗಳು ಅದರಲ್ಲಿ ಮುಚ್ಚಿದ್ದವು. ಮೂಲ ಪ್ರತಿ ಸ್ಪೇನಿನಲ್ಲಿತ್ತು. ಇದು ನಕಲಿ ಎಂದು ಹೆನ್ರಿಯ ಕಡೆಯವರು ಕೂಗಿದರು. ಮೂಲವನ್ನು ಲಂಡನ್‌ಗೆ ಕಳಿಸಲು ಚಾರ್ಲ್ಸ್ ಒಪ್ಪಲಿಲ್ಲ. ಇದರ ಮೇಲೇ ತಿಂಗಳುಗಳು ಹೋದವು.

ಕೊನೆಗೆ 1529ರ ಮೇ 31ರಂದು ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್ ಮಠದಲ್ಲಿ ನ್ಯಾಯಾಲಯ ಕೂತಿತು. ರಾಜ ರಾಣಿ ಇಬ್ಬರನ್ನೂ ಸಾಮಾನ್ಯ ಕಕ್ಷಿದಾರರ ಹಾಗೆ ಹೆಸರು ಕೂಗಿ ಕರೆದರು. ಜೂನ್ 21ರಂದು ಕ್ಯಾಥರೀನ್ ನ್ಯಾಯಾಧೀಶರನ್ನು ಲೆಕ್ಕಿಸದೆ ನೇರ ಹೋಗಿ ಹೆನ್ರಿಯ ಕಾಲಬಳಿ ಮಂಡಿಯೂರಿದಳು. ಇಷ್ಟು ವರ್ಷ ನಿಷ್ಠೆಯಿಂದ ಬಾಳಿದ್ದೇನೆ, ನೀವು ನನ್ನನ್ನು ಕೈಹಿಡಿದಾಗ ನಾನು ಕನ್ಯೆಯಾಗಿದ್ದೆ, ಇದು ನಿಜವೋ ಸುಳ್ಳೋ ನಿಮ್ಮ ಮನಸ್ಸಾಕ್ಷಿಗೇ ಬಿಡುತ್ತೇನೆ ಎಂದಳು. ರೋಮ್‌ಗೆ ಮೇಲ್ಮನವಿ ಹೋಗುತ್ತೇನೆ ಎಂದು ಹೇಳಿ ಎದ್ದು ಹೊರಟಳು. ಮತ್ತೆ ಕೂಗಿ ಕರೆದರೂ ತಿರುಗಿ ನೋಡಲಿಲ್ಲ. ಅದೇ ದಿನ ಇಟಲಿಯ ಲಾಂಡ್ರಿಯಾನೊದಲ್ಲಿ ಚಾರ್ಲ್ಸ್‌ನ ಸೈನ್ಯ ಫ್ರೆಂಚರನ್ನು ಸೋಲಿಸಿತು. ಕ್ಲೆಮೆಂಟ್ ಮೆಡಿಚಿ ಮನೆತನದವರು. ಫ್ಲಾರೆನ್ಸ್ ಜನ ಎರಡು ವರ್ಷ ಹಿಂದೆ ಆ ಮನೆತನವನ್ನು ಓಡಿಸಿದ್ದರು. ಊರನ್ನು ಮರಳಿ ಕೊಡಿಸುವ ಶಕ್ತಿ ಈಗ ಇದ್ದದ್ದು ಚಾರ್ಲ್ಸ್‌ಗೆ. ಜೂನ್ 29ರಂದು ಬಾರ್ಸಿಲೋನಾದಲ್ಲಿ ಇಬ್ಬರ ನಡುವೆ ಒಪ್ಪಂದ ಆಯಿತು. ಜುಲೈನಲ್ಲಿ ಪೋಪ್ ಕೇಸನ್ನು ರೋಮ್‌ಗೆ ಎಳೆದುಕೊಂಡರು. ತೀರ್ಪು ಬರುತ್ತದೆ ಎಂದು ಎಲ್ಲರೂ ಕಾದಿದ್ದ ದಿನ ಕ್ಯಾಂಪೆಜಿಯೊ, ರೋಮ್‌ನ ಕೋರ್ಟುಗಳಿಗೆ ಈಗ ಬೇಸಿಗೆ ರಜೆ, ಅಕ್ಟೋಬರ್‌ಗೆ ನೋಡೋಣ ಎಂದು ಎದ್ದುಬಿಟ್ಟ.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ: ಚಾರ್ಲ್ಸ್ ಇಲ್ಲದಿದ್ದರೆ ಕ್ಲೆಮೆಂಟ್ ಏನಾದರೂ ದಾರಿ ಹುಡುಕುತ್ತಿದ್ದರು, ಬಹಳ ಮಟ್ಟಿಗೆ. ಆದರೆ ಹೆನ್ರಿ ಅವರ ಮುಂದೆ ಇಟ್ಟ ದಾರಿ, ಯಾವ ಸೈನ್ಯವೂ ಇಲ್ಲದಿದ್ದರೂ, ಪೋಪ್ ಆದವರು ತುಳಿಯಲು ಹಿಂಜರಿಯುವಂಥದ್ದು.

ಮುಂದಿನ ವರ್ಷಗಳನ್ನು ಬೇಗ ದಾಟುತ್ತೇನೆ. ವೂಲ್ಸಿಯ ಅಧಿಕಾರ ಹೋಯಿತು, 1530ರ ನವೆಂಬರ್‌ನಲ್ಲಿ ಬಂಧನದಲ್ಲಿದ್ದಾಗಲೇ ಸತ್ತ. ಥಾಮಸ್ ಕ್ರಾನ್ಮರ್ ಎಂಬ ಕೇಂಬ್ರಿಜ್ ಪಂಡಿತ, ವಿಶ್ವವಿದ್ಯಾಲಯಗಳ ಅಭಿಪ್ರಾಯ ಕೇಳಿ ಎಂದ. ದುಡ್ಡು, ಒತ್ತಡ ಎರಡೂ ಸುರಿದು ಪ್ಯಾರಿಸ್, ಬೊಲೊನ್ಯಾ, ಪಾದುವಾಗಳಿಂದ ಅನುಕೂಲದ ಅಭಿಪ್ರಾಯ ತರಿಸಿದರು. ಅಣ್ಣನ ವಿಧವೆಯ ವಿಧಿ ಯಹೂದಿಗಳದ್ದಲ್ಲವೇ ಎಂದು ವೆನಿಸ್‌ನ ರಬ್ಬಿಗಳನ್ನೂ ಕೇಳಿದರು. ಅವರಲ್ಲೇ ಒಮ್ಮತ ಇರಲಿಲ್ಲ. ಪೋಪ್ ವಿರೋಧಿಗಳಾದರೂ ಕೈಹಿಡಿಯಬೇಕಿತ್ತು ಅಲ್ವಾ? ಅದೂ ಇಲ್ಲ. ಕ್ಯಾಥರೀನ್‌ಳನ್ನು ಬಿಡುವುದು ತಪ್ಪು, ಬೇಕಾದರೆ ಇನ್ನೊಬ್ಬಳನ್ನೂ ಕಟ್ಟಿಕೊಳ್ಳಲಿ ಎಂದುಬಿಟ್ಟ ಲೂಥರ್! ಬೈಬಲನ್ನು ಇಂಗ್ಲಿಷಿಗೆ ತಂದ ಟಿಂಡಲ್ ಕೂಡ ರಾಣಿಯ ಪಕ್ಷವೇ.

ದಾರಿ ತೆರೆದದ್ದು ಪಾರ್ಲಿಮೆಂಟು. ಹೆನ್ರಿಯ ಹೊಸ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಕರಡು ಮಾಡಿದ 1533ರ ಒಂದು ಕಾಯ್ದೆ, ಇಂಗ್ಲೆಂಡಿನ ಇಂಥ ಕೇಸುಗಳಿಗೆ ರೋಮ್‌ಗೆ ಮೇಲ್ಮನವಿ ಇಲ್ಲ ಎಂದಿತು. ಕ್ಯಾಥರೀನ್‌ಳ ಕೈಯಲ್ಲಿದ್ದ ಏಕೈಕ ಅಸ್ತ್ರ ಆ ಮೇಲ್ಮನವಿಯೇ. ಅಷ್ಟು ಹೊತ್ತಿಗೆ ಆ್ಯನ್ ಬಸುರಿ, ಜನವರಿಯಲ್ಲೇ ಗುಟ್ಟಾಗಿ ಮದುವೆಯೂ ಆಗಿತ್ತು. ಇಂಗ್ಲೆಂಡಿನ ಚರ್ಚ್‌ನ ಮುಖ್ಯ ಪೀಠಕ್ಕೆ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿ, ಕ್ರಾನ್ಮರ್ ಬಂದ. ಅವನ ನೇಮಕದ ಪತ್ರಗಳನ್ನು ಕಳಿಸಿದವರು ಪೋಪ್ ಕ್ಲೆಮೆಂಟೇ, ಪಾಪ. ಕ್ರಾನ್ಮರ್ ಲಂಡನ್‌ನಿಂದ ದೂರ ಡನ್‌ಸ್ಟಬಲ್ ಎಂಬ ಊರಿನ ಮಠದಲ್ಲಿ ಕೋರ್ಟು ಕೂರಿಸಿದ. ರಾಣಿ ಬರಲಿಲ್ಲ. ಮೇ 10ಕ್ಕೆ ಶುರುವಾದದ್ದು ಮೇ 23ಕ್ಕೆ ಮುಗಿಯಿತು: ಕ್ಯಾಥರೀನ್ ಜೊತೆಗಿನ ಮದುವೆ ಅಸಿಂಧು. ಐದು ದಿನದ ನಂತರ ಆ್ಯನ್ ಜೊತೆಗಿನದು ಸಿಂಧು. ಜೂನ್ 1ಕ್ಕೆ ಆಕೆಗೆ ಪಟ್ಟ. ರೋಮ್ ತನ್ನ ತೀರ್ಪು ಕೊಟ್ಟದ್ದು 1534ರ ಮಾರ್ಚ್ 23ರಂದು, ಕ್ಯಾಥರೀನ್ ಪರವಾಗಿ. ಅದನ್ನು ಕೇಳುವವರು ಇಂಗ್ಲೆಂಡಿನ ಅಧಿಕಾರದಲ್ಲಿ ಯಾರೂ ಉಳಿದಿರಲಿಲ್ಲ.

ಕೊನೆಯ ಪ್ರಶ್ನೆ, ಕ್ಯಾಥರೀನ್ ಹೇಳಿದ್ದು ನಿಜವಾ? ಮಗಳ ಹಕ್ಕು ಉಳಿಸಲು ಸುಳ್ಳು ಹೇಳುವ ಕಾರಣ ಆಕೆಗೆ ಇತ್ತು, ಅದನ್ನು ಮರೆಯಬಾರದು. ಆದರೂ ನನ್ನ ಒಲವು ಆಕೆಯ ಕಡೆಗೇ. ಎದುರು ಸಾಕ್ಷಿ ಬಹುಮಟ್ಟಿಗೆ ವಯಸ್ಸಾದ ಆಸ್ಥಾನಿಕರದ್ದು. ರಾತ್ರಿಯೆಲ್ಲ ಸ್ಪೇನಿನಲ್ಲಿದ್ದೆ ಎಂದು ಆರ್ಥರ್ ಮಾರನೇ ದಿನ ಜಂಬ ಕೊಚ್ಚಿದ ಎಂದು ಅವರು ಹೇಳಿದರು. 15 ವರ್ಷದ ಹುಡುಗನ ಜಂಬ, ಅದೂ 27 ವರ್ಷಗಳ ನಂತರದ ನೆನಪು. ಇತ್ತ ಕ್ಯಾಥರೀನ್‌ಳ ತಂದೆ ಫರ್ಡಿನಾಂಡ್ 1503ರಲ್ಲೇ ರೋಮ್‌ನ ತನ್ನ ರಾಯಭಾರಿಗೆ ಬರೆದಿದ್ದ ಪತ್ರ ಇದೆ. ಪ್ರಸ್ತ ಆಗಿಲ್ಲ ಅನ್ನೋದು ಎಲ್ಲರಿಗೂ ಗೊತ್ತು, ಆದರೂ ಇಂಗ್ಲಿಷರು ಮುಂದೆ ತಕರಾರು ತೆಗೆಯದಿರಲಿ ಎಂದು ಆಗಿದೆ ಎಂದೇ ಇಟ್ಟುಕೊಂಡು ವಿನಾಯಿತಿ ತರಿಸು ಎಂದು ಅದರಲ್ಲಿತ್ತು. ಆಗ ಹೆನ್ರಿಗೆ 12 ವರ್ಷ. ಮುಂದೊಂದು ದಿನ ಇಂಥ ಕೇಸು ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಇನ್ನು ಹೆನ್ರಿ. ಆಕೆ ಕನ್ಯೆಯಾಗಿದ್ದಳು ಎಂದು ನೀವೇ ಹಿಂದೆ ಹೇಳಿದ್ದಿರಲ್ಲ ಎಂದು ಚಕ್ರವರ್ತಿಯ ರಾಯಭಾರಿ ಷಾಪ್ವಿ 1533ರಲ್ಲಿ ಕೆಣಕಿದಾಗ ಅವನು ಇಲ್ಲ ಅನ್ನಲಿಲ್ಲ. ಊಟ ತಮಾಷೆಯ ಹೊತ್ತಿನಲ್ಲಿ ಮನುಷ್ಯ ಏನೇನೋ ಹೇಳುತ್ತಾನೆ ಎಂದ.

ಅದು ನಿಜವಾದರೆ ಹೆನ್ರಿಯ ಯಾಜಕಕಾಂಡದ ವಾದಕ್ಕೆ ನೆಲೆಯೇ ಇಲ್ಲ. ಡನ್‌ಸ್ಟಬಲ್ ತೀರ್ಪು ನಿಂತಿದ್ದು ಆರ್ಥರ್ ಜೊತೆ ಪ್ರಸ್ತ ಆಗಿತ್ತು ಎಂಬುದರ ಮೇಲೆಯೇ. ಆಕೆಯನ್ನು ನಂಬಿದರೂ ಬಳಸಬಹುದಾಗಿದ್ದ ವಾದ ಲೋಕಮರ್ಯಾದೆಯದ್ದು. ಅದಕ್ಕೆ ರಾಜ ಎಲ್ಲರೆದುರು ಎದ್ದುನಿಂತು, ನನ್ನ ಹೆಂಡತಿ ಹೇಳುವುದು ಸರಿ ಎನ್ನಬೇಕಿತ್ತು. ಅವನು ಅನ್ನಲಿಲ್ಲ. ಡನ್‌ಸ್ಟಬಲ್ ಹೊತ್ತಿಗೆ ಆ ವಾದವನ್ನು ಹುಡುಕಿಕೊಟ್ಟಿದ್ದ ವೂಲ್ಸಿ ಸತ್ತು ಎರಡೂವರೆ ವರ್ಷ ಆಗಿತ್ತು.